ಸಮರ್ಕಂದ್, ಬುಖಾರಾ, ಖೀವಾ: ರೈಲಲ್ಲೇ ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ನಾನು, ನನ್ನ ಹೆಂಡತಿ ಉಜ್ಬೇಕಿಸ್ತಾನಕ್ಕೆ ಹೊರಟಿದ್ದೇವೆ. ತಾಷ್ಕೆಂಟ್‌ವರೆಗೆ ವಿಮಾನ, ಅಲ್ಲಿಂದ ಮುಂದೆ ಎಲ್ಲ ರೈಲು, ಟ್ಯಾಕ್ಸಿ. ಎರಡು ವಾರ ರಜೆ. ಇಬ್ಬರೂ ಸಸ್ಯಾಹಾರಿಗಳು. ಪಕ್ಕದ ತಜಿಕಿಸ್ತಾನಕ್ಕೂ ಕಾಲಿಟ್ಟು ಬರೋಣ ಅಂತ ಅವಳ ಆಸೆ. ಎಲ್ಲಿ ಎಷ್ಟು ದಿನ ಇರಬೇಕು? ಏನು ಬಿಡಬೇಕು?

ಬೆಂಗಳೂರಿನಿಂದ ಒಬ್ಬರು:
ನಾವು ಗಂಡ ಹೆಂಡತಿ ಇದೇ ದಾರಿ ಹಿಡಿದವರು. ತಾಷ್ಕೆಂಟ್‌ಗೆ ಒಂದು ದಿನ ಸಾಕು. ಮೆಟ್ರೊ ನಿಲ್ದಾಣಗಳನ್ನು ನೋಡಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಪ್ರತಿಮೆ ಇರುವಲ್ಲಿಗೂ ಹೋಗಿ ಬನ್ನಿ. 1966ರ ಜನವರಿ 11ರಂದು ಅವರು ತೀರಿಕೊಂಡದ್ದು ಇದೇ ಊರಲ್ಲಿ.

ಸಮರ್ಕಂದ್‌ಗೆ ಅಫ್ರೊಸಿಯೋಬ್ ಅನ್ನುವ ವೇಗದ ರೈಲಿದೆ. 344 ಕಿ.ಮೀ. ದೂರ, ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಮೊದಲು ಅದನ್ನು ಮಾಡಿಸಿ, ಹೋಟೆಲ್ ಆಮೇಲೆ. ಸಿಗದಿದ್ದರೆ ನಿಧಾನದ ರೈಲೂ ಚೆನ್ನಾಗಿಯೇ ಇದೆ. ನೀವು ಹೋಗುವ ಹೊತ್ತಿಗೆ ಹತ್ತಿ ಬಿಡಿಸುವ ಕಾಲ, ಕಿಟಕಿ ಪಕ್ಕದ ಸೀಟು ಹಿಡಿಯಿರಿ. ನಿಲ್ದಾಣದ ಒಳಗೆ ಹೋಗುವಾಗಲೇ ಪಾಸ್‌ಪೋರ್ಟ್, ಸಾಮಾನು ಎರಡನ್ನೂ ನೋಡುತ್ತಾರೆ. ಸ್ವಲ್ಪ ಮುಂಚೆ ಹೋಗಿ.

ರೆಗಿಸ್ತಾನ್ ಚೌಕದ ಮೂರು ಮದರಸಾಗಳನ್ನು ಒಂದೇ ಸಲ ಕಟ್ಟಿದ್ದಲ್ಲ. ಉಲುಗ್ ಬೇಗ್ ತನ್ನದನ್ನು 1420ರಲ್ಲಿ ಮುಗಿಸಿದ. ಉಳಿದೆರಡು ಎದ್ದದ್ದು 17ನೇ ಶತಮಾನದಲ್ಲಿ. ಅದು ಗೊತ್ತಿದ್ದರೆ ನೋಡುವ ರೀತಿಯೇ ಬೇರೆ. ಸುಮ್ನೆ ಫೋಟೊ ತೆಗೆದು ಓಡಬೇಡಿ. ಅವನ ವೀಕ್ಷಣಾಲಯವನ್ನಂತೂ ಬಿಡಲೇಬೇಡಿ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಲೆಕ್ಕ ಹಾಕಿ ಪಟ್ಟಿ ಮಾಡಿದ ದೊರೆ ಅವನು. ಈಗ ಉಳಿದಿರುವುದು ಆಕಾಶ ಅಳೆಯುವ ಉಪಕರಣದ ಭಾಗವಾಗಿದ್ದ, ನೆಲದೊಳಗಿನ ದೊಡ್ಡ ಕಲ್ಲಿನ ಕಮಾನು ಮಾತ್ರ. ಅದೂ 1908ರವರೆಗೆ ಮಣ್ಣಡಿ ಇತ್ತು. ಶಾಹಿ ಜಿಂದಾ ಗೋರಿಗಳಿಗೆ ಬೆಳಿಗ್ಗೆಯೇ ಹೋಗಿ, ಹತ್ತು ಗಂಟೆ ಮೇಲೆ ಬರೀ ಜನ.

ಆದರೆ ನನ್ನ ಕೇಳಿದರೆ ರಾತ್ರಿಗಳನ್ನೆಲ್ಲ ಬುಖಾರಾಕ್ಕೆ ಕೊಡಿ. ಸಮರ್ಕಂದ್‌ನ ಕಟ್ಟಡಗಳ ನಡುವೆ ಅಗಲ ರಸ್ತೆ, ಟ್ರಾಫಿಕ್. ಬುಖಾರಾದ ಹಳೇ ಊರಲ್ಲಿ ಜನ ಇನ್ನೂ ಮನೆ ಮಾಡಿಕೊಂಡಿದ್ದಾರೆ, ಎಲ್ಲಕ್ಕೂ ನಡೆದೇ ಹೋಗಬಹುದು. ಲ್ಯಾಬಿ ಹೌಜ್ ಅನ್ನುವ ಕೊಳ ನಮ್ಮ ಕಡೆಯ ದೇವಸ್ಥಾನದ ಕಲ್ಯಾಣಿ ಥರ, ಸುತ್ತ ಕಲ್ಲಿನ ಮೆಟ್ಟಿಲು. ದಂಡೆಯಲ್ಲಿ ಹಿಪ್ಪುನೇರಳೆ ಮರ, ಚಹಾದಂಗಡಿ. 1127ರ ಕಲ್ಯಾನ್ ಮಿನಾರ್ ಎಲ್ಲರ ಫೋಟೊದಲ್ಲೂ ಇರುತ್ತದೆ. ನಮಗೆ ಅದಕ್ಕಿಂತ ಹಿಡಿಸಿದ್ದು ಸಾಮಾನಿ ದೊರೆಗಳ ಗೋರಿ. ಹತ್ತನೇ ಶತಮಾನದ್ದು. ನೀಲಿ ಹೆಂಚಿಲ್ಲ, ಬಣ್ಣ ಇಲ್ಲ, ಬರೀ ಇಟ್ಟಿಗೆ. ಅದನ್ನೇ ಬಟ್ಟೆ ನೇಯ್ದ ಹಾಗೆ ಜೋಡಿಸಿದ್ದಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ನೆರಳು ಬದಲಾದಂತೆ ಗೋಡೆಯೂ ಬೇರೆ ಕಾಣುತ್ತದೆ.

ಶಿವಮೊಗ್ಗದಿಂದ ಒಬ್ಬರು:
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಪಲಾವ್ ಅಂದರೆ ಅಲ್ಲಿ ಕುರಿ ಅಥವಾ ದನದ ಮಾಂಸ ಇರಲೇಬೇಕು. ಮಾಂಸ ತೆಗೆದು ಬರೀ ಅನ್ನ ಬಡಿಸುತ್ತೇವೆ ಅಂತಾರೆ, ಅನ್ನ ಬೆಂದದ್ದು ಅದೇ ಕೊಬ್ಬಿನಲ್ಲಿ. ನಾವು ಬದುಕಿದ್ದು ತಂದೂರಿನ ನಾನ್, ಟೊಮೆಟೊ ಈರುಳ್ಳಿ ಸಲಾಡ್, ಹುರಿದ ಬದನೆ, ಮೊಸರು, ಮೊಟ್ಟೆ ಮೇಲೆ. ಕುಂಬಳಕಾಯಿ ತುಂಬಿದ ಸಮ್ಸಾ ಸಿಕ್ಕರೆ ಎರಡು ಜಾಸ್ತಿ ಕಟ್ಟಿಸಿಕೊಳ್ಳಿ, ಆದರೆ ಒಳಗೆ ಕೊಬ್ಬು ಹಾಕಿದ್ದಾರಾ ಅಂತ ಮೊದಲು ಕೇಳಿ. ಕರಬೂಜ ಅಲ್ಲಿನದೇ ತಿನ್ನಬೇಕು! ರೈಲಿಗೆ ಚಟ್ನಿಪುಡಿ, ಅವಲಕ್ಕಿ ಇರಲಿ.

ಹುಬ್ಬಳ್ಳಿಯಿಂದ ಒಬ್ಬರು:
ತಜಿಕಿಸ್ತಾನದ ಆಸೆ ತಪ್ಪಲ್ಲ. ಗಡಿಯಾಚೆಯ ಪಂಜಕೆಂತ್ ಸಮರ್ಕಂದ್‌ನಿಂದ 60 ಕಿ.ಮೀ. ಆಸುಪಾಸು. ವರ್ಷಗಟ್ಟಲೆ ಮುಚ್ಚಿದ್ದ ಆ ಗಡಿ 2018ರಲ್ಲಿ ತೆರೆಯಿತು. ಎಂಟನೇ ಶತಮಾನದಲ್ಲಿ ಪಾಳುಬಿದ್ದ ಸೊಗ್ದಿಯನ್ನರ (ಈ ಭಾಗದ ಹಳೇ ವ್ಯಾಪಾರಿ ಜನ) ಊರು ಅಲ್ಲಿದೆ. ದಾರಿಯಲ್ಲೇ ಸರಜ್ಮ್, ಐದು ಸಾವಿರ ವರ್ಷಕ್ಕೂ ಹಳೆಯ ನೆಲೆ. ಆದರೆ ವೀಸಾ ನೋಡಿಕೊಳ್ಳಿ. ಉಜ್ಬೇಕ್ ಇ-ವೀಸಾ ಒಂದು ಪ್ರವೇಶದ್ದಾದರೆ, ಗಡಿ ದಾಟಿದ ಮೇಲೆ ವಾಪಸ್ ಬರಲು ಆಗುವುದಿಲ್ಲ. ಎರಡು ಪ್ರವೇಶದ್ದೇ ತೆಗೆದುಕೊಳ್ಳಿ. ತಜಿಕ್ ಇ-ವೀಸಾ ಬೇರೆ. ಹೋಟೆಲಿನವರು ಕೊಡುವ ನೋಂದಣಿ ಚೀಟಿಗಳನ್ನು ಎಸೆಯಬೇಡಿ.

ಪುಣೆಯಿಂದ ಒಬ್ಬರು:
ಖೀವಾ ಬಿಡಿ ಅಂತೀನಿ. ಬುಖಾರಾದಿಂದ ಕಿಜಿಲ್‌ಕುಂ ಮರುಭೂಮಿ ದಾಟಿ ಸುಮಾರು 450 ಕಿ.ಮೀ. ಹೋದರೆ ಸಿಗುವುದು ತೊಳೆದಿಟ್ಟ ಮ್ಯೂಸಿಯಂ. ಆ ದಿನಗಳಲ್ಲಿ ತಾಷ್ಕೆಂಟ್‌ನಿಂದ ಪೂರ್ವಕ್ಕೆ, ಫರ್ಗಾನಾ ಕಣಿವೆಗೆ ಹೋಗಿ. ರೈಲು 19 ಕಿ.ಮೀ. ಸುರಂಗ ದಾಟುತ್ತದೆ. ಮರ್ಗಿಲಾನ್‌ನಲ್ಲಿ ರೇಷ್ಮೆ ನೇಯುವುದನ್ನು ನೋಡಬಹುದು. ಅಂದಿಜಾನ್ 1483ರಲ್ಲಿ ಬಾಬರ್ ಹುಟ್ಟಿದ ಊರು. ಸಮರ್ಕಂದ್ ಬೇಕು ಅಂತ ಮತ್ತೆ ಮತ್ತೆ ಹೋರಾಡಿ, ಕೊನೆಗೆ ಕೈಚೆಲ್ಲಿ ನಮ್ಮ ಕಡೆ ತಿರುಗಿದವನು ಅಲ್ವಾ ಅವನು.

ಬೆಂಗಳೂರಿನವರು ಮತ್ತೆ:
ಖೀವಾ ವಿಷಯದಲ್ಲಿ ಒಪ್ಪಲಾರೆ. ಹಗಲಷ್ಟೇ ನೋಡಿದವರಿಗೆ ಹಾಗೆ ಅನಿಸುತ್ತದೆ. ಕೋಟೆಯೊಳಗೆ ಒಂದು ರಾತ್ರಿ ಇರಿ, ಟೂರಿಸ್ಟ್ ಬಸ್ಸುಗಳು ಹೋದ ಮೇಲೆ ಗಲ್ಲಿಗಳು ನಿಮ್ಮವೇ. ಜುಮಾ ಮಸೀದಿಯಲ್ಲಿ ಇನ್ನೂರಕ್ಕೂ ಹೆಚ್ಚು ಮರದ ಕಂಬಗಳಿವೆ, ಕೆತ್ತನೆ ಒಂದರಂತೆ ಒಂದಿಲ್ಲ. ಅಲ್ಲಿಂದ ತಾಷ್ಕೆಂಟ್‌ಗೆ ರಾತ್ರಿ ರೈಲಿದೆ, ಬಂದ ದಾರಿಯಲ್ಲಿ ಮತ್ತೆ ಇಳಿದು ಹತ್ತುವ ತಾಪತ್ರಯ ಇಲ್ಲ.

ಕಲಬುರಗಿಯಿಂದ ಒಬ್ಬರು:
ಹೊರಡುವ ಮೊದಲು ಬೀದರ್‌ಗೆ ಹೋಗಿ ಬನ್ನಿ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಆ ಕಡೆಯ ಮಾದರಿಯದೇ. ಉಳಿದಿರುವ ಮಿನಾರ್ ಮೇಲೆ ಬಣ್ಣದ ಹೆಂಚು ಇನ್ನೂ ಅಲ್ಲಲ್ಲಿ ಇದೆ. ರೆಗಿಸ್ತಾನ್ ತುಂಬ ರಿಪೇರಿ ಆದದ್ದು, ಇದು ಆಗದ್ದು. ಎರಡನ್ನೂ ನೋಡಿದರೆ ಯಾವುದು ಹಳೇ ಕೆಲಸ, ಯಾವುದು ಹೊಸದು ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಬುಖಾರಾದಲ್ಲಿ ನಾಲ್ಕು ರಾತ್ರಿ, ಖೀವಾದಲ್ಲಿ ಒಂದು, ಪಂಜಕೆಂತ್ ಒಂದು ದಿನ. ಫರ್ಗಾನಾ ಈ ಸಲ ಇಲ್ಲ. ಡಾಲರ್ ನೋಟು ಹಳೆಯದಾದರೆ ತಗೊಳ್ಳಲ್ಲ ಅಂತ ಕೇಳಿದೆ, ಹೌದಾ?

ಹುಬ್ಬಳ್ಳಿಯವರು:
ಹೌದು. ಮಡಿಕೆ, ಶಾಯಿ ಗುರುತು ಇದ್ದರೂ ಬೇಡ ಅಂತಾರೆ. ಹೊಸ ನೋಟುಗಳನ್ನೇ ಕೇಳಿ ತಗೊಳ್ಳಿ, ಪುಸ್ತಕದೊಳಗೆ ಇಟ್ಟುಕೊಂಡು ಹೋಗಿ.