ಎರಡು ಸಲ ಬೀಜ ಚೆಲ್ಲಿದರೂ ಹುಲ್ಲುಹಾಸು ತುಂಬಿಕೊಳ್ಳುತ್ತಿಲ್ಲ: ಎಲ್ಲವನ್ನೂ ಅಗೆದು ಹಾಕಬೇಕೆ?

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯ ಮುಂದೆ ಸುಮಾರು 40 ಚದರ ಮೀಟರ್ ಹುಲ್ಲುಹಾಸಿದೆ. ಆರು ವರ್ಷಗಳ ಹಿಂದೆ ಗರಿಕೆ ಜಾತಿಯ ಹುಲ್ಲಿನ ಕುಡಿಗಳನ್ನು ನೆಟ್ಟು ಬೆಳೆಸಿದ್ದು, ಮೊದಲ ಕೆಲವು ವರ್ಷ ನೆಲವೇ ಕಾಣದಂತೆ ಹಬ್ಬಿತ್ತು. ಈಗ ಗೇಟಿನಿಂದ ಮೆಟ್ಟಿಲವರೆಗೆ ಓಡಾಡುವ ಜಾಡು ಬೋಳಾಗಿದೆ, ಮರದ ಕೆಳಗಿನ ಹುಲ್ಲು ಉದ್ದುದ್ದ ಎದ್ದು ತೆಳ್ಳಗಾಗಿದೆ, ಮಿಕ್ಕ ಕಡೆ ಅಲ್ಲಲ್ಲಿ ತಟ್ಟೆಯಗಲದ ಒಣ ಕಲೆಗಳು ಬಿದ್ದಿವೆ. ಎರಡು ಸಲ ಬೀಜ ಚೆಲ್ಲಿ, ಮೇಲೆ ಯೂರಿಯಾ ಎರಚಿ, ದಿನವೂ ಸಂಜೆ ಪೈಪಿನಿಂದ ನೀರು ಚಿಮುಕಿಸಿದೆ. ಮೊಳಕೆಗಳು ಕಂಡವಾದರೂ ಕೆಲವೇ ದಿನಗಳಲ್ಲಿ ಕಮರಿದವು. ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕುವುದೊಂದೇ ದಾರಿಯೇ?

ಮೊದಲ ಉತ್ತರ

ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಹುಲ್ಲು ಜೀವಂತವಾಗಿದ್ದರೆ ಅಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ತಾವು ವಿವರಿಸಿರುವುದು ಒಂದು ರೋಗವಲ್ಲ, ಮೂರು ಬೇರೆ ಬೇರೆ ತೊಂದರೆಗಳು. ಮೂರಕ್ಕೂ ಬೀಜವನ್ನೇ ಮದ್ದಾಗಿ ಕೊಟ್ಟಿದ್ದರಿಂದ ಶ್ರಮ ವ್ಯರ್ಥವಾಗಿರಬೇಕು.

ಮೊದಲು ಜಾಡಿನಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ಕೈಯಿಂದಲೇ ಒತ್ತಿ ನೋಡಿ. ತೇವವಿರುವ ಮಣ್ಣಿನಲ್ಲೂ ಅದು ಇಳಿಯದಿದ್ದರೆ ಮಣ್ಣು ತುಳಿತಕ್ಕೆ ಗಟ್ಟಿಯಾಗಿದೆ, ಗಾಳಿ ಮತ್ತು ನೀರು ಹೋಗುವ ಸಂದುಗಳು ಮುಚ್ಚಿಹೋಗಿವೆ ಎಂದರ್ಥ. ಅಂಥ ನೆಲದಲ್ಲಿ ಮೊಳಕೆಯೇನೋ ಬರುತ್ತದೆ, ಬೇರು ಇಳಿಯುವುದಿಲ್ಲ. ಮಣ್ಣು ಹದವಾಗಿ ಒದ್ದೆಯಿರುವಾಗ ತೋಟದ ಮುಳ್ಳುಗುದ್ದಲಿಯಿಂದ ಗೇಣಿಗೆ ಎರಡರಂತೆ, ಎಂಟು ಹತ್ತು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಜರಡಿ ಹಿಡಿದ ಕಾಂಪೋಸ್ಟನ್ನು ಅರ್ಧ ಸೆಂಟಿಮೀಟರ್‌ಗಿಂತ ದಪ್ಪವಾಗದಂತೆ ಹರಡಿ. ಮಣ್ಣಿನ ಉಂಡೆಗಳನ್ನೇ ಹೊರತೆಗೆಯುವ ಟೊಳ್ಳು ಹಲ್ಲಿನ ಉಪಕರಣ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಓಡಾಟ ಅಲ್ಲಿಯೇ ಮುಂದುವರಿಯುವುದಾದರೆ, ನಾಲ್ಕು ಚಪ್ಪಡಿಗಳನ್ನು ಹೂಳುವುದು ಎಲ್ಲಕ್ಕಿಂತ ಪ್ರಾಮಾಣಿಕವಾದ ಪರಿಹಾರ.

ಸಂಜೆಯ ಚಿಮುಕಿಸುವಿಕೆಯನ್ನು ನಿಲ್ಲಿಸಿ. ಅದರಿಂದ ಬೇರುಗಳು ಮೇಲ್ಪದರದಲ್ಲಿಯೇ ಉಳಿಯುತ್ತವೆ, ಎಲೆಗಳು ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಮಳೆಯಿಲ್ಲದ ಬಿಸಿಲಿನ ದಿನಗಳಲ್ಲಿ, ಬೇರೂರಿದ ಹುಲ್ಲಿಗೆ ವಾರಕ್ಕೆ ಒಟ್ಟು 25 ಮಿಲಿಮೀಟರ್‌ನಷ್ಟು ನೀರನ್ನು ಬೆಳಗಿನ ಹೊತ್ತು ಎರಡು ಕಂತುಗಳಲ್ಲಿ ಕೊಡಿ. ನೆಲದ ಮೇಲೆ ಒಂದು ಡಬ್ಬಿಯನ್ನಿಟ್ಟರೆ ಅಳತೆ ತಿಳಿಯುತ್ತದೆ.

ಎರಡನೆಯ ಉತ್ತರ

ಒಣ ಕಲೆಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕಲೆಯ ಅಂಚಿನ ಹುಲ್ಲನ್ನು ಹಿಡಿದು ಎಳೆಯಿರಿ. ಅದು ಚಾಪೆಯಂತೆ ಸಲೀಸಾಗಿ ಎದ್ದುಬಂದರೆ ಗೊಣ್ಣೆಹುಳುಗಳು ಬೇರನ್ನು ಕತ್ತರಿಸಿರಬಹುದು. ಮಣ್ಣು ಕೆದಕಿದರೆ ಬಾಗಿದ ಬಿಳಿ ಹುಳುಗಳು ಕಾಣುತ್ತವೆ. ಒಂದೆರಡಕ್ಕೆ ಗಾಬರಿಪಡಬೇಡಿ. ಹುಲ್ಲು ಗಟ್ಟಿಯಾಗಿ ಹಿಡಿದುಕೊಂಡಿದ್ದು, ಕಲೆಯ ಸುತ್ತ ಕಡುಹಸಿರಿನ ಉಂಗುರವಿದ್ದರೆ ಅದು ನಾಯಿಯ ಮೂತ್ರದ ಗುರುತು: ನಡುವೆ ಸಾರಜನಕ ಮತ್ತು ಲವಣ ಹೆಚ್ಚಾಗಿ ಸುಡುತ್ತದೆ, ಅಂಚಿನಲ್ಲಿ ಅದೇ ಸಾರಜನಕ ಗೊಬ್ಬರವಾಗುತ್ತದೆ. ಯೂರಿಯಾದಲ್ಲಿ 46 ಶೇಕಡಾ ಸಾರಜನಕವಿರುವುದರಿಂದ, ಎಳೆ ಮೊಳಕೆಗಳ ಮೇಲೆ ಅದನ್ನು ಎರಚಿದ್ದು ಸಹ ಇದೇ ಬಗೆಯ ಸುಡುವಿಕೆಯೇ ಆಗಿರಬಹುದು.

ಮರದ ಕೆಳಗಿನ ಜಾಗದ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಗರಿಕೆಗೆ ದಿನಕ್ಕೆ ಆರು ಗಂಟೆಗೂ ಹೆಚ್ಚು ನೇರ ಬಿಸಿಲು ಬೇಕು. ಕೆಳಗಿನ ಕೊಂಬೆಗಳನ್ನು ಸವರಿ ನೋಡಬಹುದು. ಆಗದಿದ್ದರೆ ಆ ವೃತ್ತವನ್ನು ನೆರಳು ಸಹಿಸುವ ಗಿಡಗಳಿಗೆ ಬಿಟ್ಟುಕೊಡಿ.

ಪ್ರಶ್ನೆ ಕೇಳಿದವರಿಂದ

ಪರೀಕ್ಷಿಸಿ ನೋಡಿದೆ. ಜಾಡಿನಲ್ಲಿ ಸ್ಕ್ರೂಡ್ರೈವರ್ ಎರಡು ಸೆಂಟಿಮೀಟರ್ ಕೂಡ ಇಳಿಯಲಿಲ್ಲ, ಉಳಿದೆಡೆ ಹಿಡಿಯವರೆಗೂ ಹೋಯಿತು. ಕಲೆಗಳ ಸುತ್ತ ಹಸಿರು ಉಂಗುರ ಸ್ಪಷ್ಟವಾಗಿದೆ. ಅಪರಾಧಿ ನಮ್ಮ ಮನೆಯಲ್ಲಿಯೇ ಬಾಲವಾಡಿಸುತ್ತಿದ್ದಾನೆ. ಬೋಳಾದ ಭಾಗಕ್ಕೆ ಈಗ ಬೀಜ ಹಾಕಲೇ?

ಮೂರನೆಯ ಉತ್ತರ

ಬೀಜಕ್ಕಿಂತ ಕುಡಿ ವಾಸಿ. ಕುಡಿ ನೆಟ್ಟು ಬೆಳೆಸಿದ ಗರಿಕೆ ಹಾಸುಗಳಲ್ಲಿ ಅನೇಕವು ಬೀಜ ಕಟ್ಟದ ಮಿಶ್ರತಳಿಗಳು. ನಿಮ್ಮದೂ ಹಾಗಿದ್ದರೆ, ತಂದು ಚೆಲ್ಲುವ ಬೀಜದಿಂದ ಬೇರೆ ಎಲೆಯಗಲದ, ಬೇರೆ ಬಣ್ಣದ ಹುಲ್ಲು ಬಂದು ತೇಪೆ ಹಾಕಿದಂತೆ ಕಾಣುತ್ತದೆ. ಹುಲುಸಾಗಿರುವ ಅಂಚಿನಿಂದ ಬೇರುಸಹಿತ ಅಂಗೈಯಗಲದ ತುಂಡುಗಳನ್ನು ಎತ್ತಿ, ಸಡಿಲಿಸಿದ ಮಣ್ಣಿನಲ್ಲಿ ಗೇಣಿಗೊಂದರಂತೆ ನೆಟ್ಟು, ಕಾಲಿನಿಂದ ಮೆಲ್ಲಗೆ ಒತ್ತಿ. ಬೆಚ್ಚನೆಯ ಕಾಲದಲ್ಲಿಯೇ ಈ ಕೆಲಸ ಮಾಡಬೇಕು. ಚಳಿಯಲ್ಲಿ ಗರಿಕೆ ಹಬ್ಬುವುದಿಲ್ಲ. ಮೇಲೆ ಹೇಳಿರುವ ವಾರಕ್ಕೆರಡು ಸಲದ ನೀರು ಹಳೆಯ ಹುಲ್ಲಿಗೆ ಸರಿ. ಹೊಸದಾಗಿ ನೆಟ್ಟದ್ದಕ್ಕೆ ಬೇರು ಹಿಡಿಯುವವರೆಗೆ ದಿನವೂ ಸ್ವಲ್ಪ ಸ್ವಲ್ಪ ಕೊಟ್ಟು, ಆಮೇಲೆ ಅಂತರವನ್ನು ಹೆಚ್ಚಿಸುತ್ತ ಹೋಗಿ.

ಕತ್ತರಿಸುವಾಗ ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಮೊಂಡಾದ ಅಲಗನ್ನು ಬಳಸಬೇಡಿ. ಇನ್ನು ಬಾಲದವನ ವಿಚಾರ: ಅವನು ಕೆಲಸ ಮುಗಿಸಿದ ಕೂಡಲೇ ಆ ಜಾಗಕ್ಕೆ ಎರಡು ತಂಬಿಗೆ ನೀರು ಸುರಿದರೆ ಹೊಸ ಕಲೆಗಳು ಬಹುಮಟ್ಟಿಗೆ ತಪ್ಪುತ್ತವೆ. ಹಳೆಯ ಕಲೆಗಳಿಗೂ ಮೊದಲು ಧಾರಾಳವಾಗಿ ನೀರು ಬಿಟ್ಟು ಲವಣವನ್ನು ಕೆಳಗಿಳಿಸಿ, ಒಣಗಿದ ಹುಲ್ಲನ್ನು ಕೆರೆದು ತೆಗೆದು, ಆಮೇಲೆ ಕುಡಿ ನೆಡಿ.