ಹಳೇ ಚಿರೆಕಲ್ಲು ಮನೆ, ಪ್ಲಾಸ್ಟರ್ ಉದುರುತ್ತಿದೆ, ಗೋಡೆ ಸೊಂಟದವರೆಗೆ ಒದ್ದೆ. ಏನು ಮಾಡೋದು?

ಕಡಲಮನೆ_ಕುಮಟಾ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾದಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಹಳೇ ಮನೆ, ಅಜ್ಜ ಕಟ್ಟಿಸಿದ್ದು. ಸಮುದ್ರ ಹತ್ತಿರವೇ ಇದೆ. ಚಿರೆಕಲ್ಲಿನ, ಅಂದರೆ ಲ್ಯಾಟರೈಟ್ ಕೆಂಪುಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು, ಪಾಯಕ್ಕೆ ಶಿಲೆಕಲ್ಲು ಹಾಕಿದ್ದಾರಂತೆ. ಮೊದಲು ಒಳಗೂ ಹೊರಗೂ ಸುಣ್ಣದ ಗಾರೆ ಇತ್ತು. ಕೆಲವು ವರ್ಷದ ಹಿಂದೆ ಅದನ್ನೆಲ್ಲ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ದುಬಾರಿ ಪೇಂಟ್ ಹೊಡೆಸಿದೆವು. ಎರಡು ಮಳೆಗಾಲ ಚೆನ್ನಾಗಿಯೇ ಇತ್ತು.

ಈಗ ಪಡಸಾಲೆಯ ಗೋಡೆ ನೆಲದಿಂದ ಸೊಂಟದವರೆಗೆ ಒದ್ದೆ. ಪೇಂಟ್ ಗುಳ್ಳೆ ಬಂದು ಸಿಪ್ಪೆ ಏಳುತ್ತದೆ, ಹಿಂದೆ ಬಿಳಿ ಪುಡಿ. ಕೈಯಿಂದ ಒರೆಸಿದರೆ ಉಪ್ಪಿನ ಹಾಗೆ ಹತ್ತುತ್ತದೆ. ಪಶ್ಚಿಮದ ಗೋಡೆಯಲ್ಲಿ ಪ್ಲಾಸ್ಟರ್ ಹಲಗೆ ಹಲಗೆಯಾಗಿ ಬಿದ್ದಿದೆ, ಒಳಗಿನ ಕಲ್ಲು ಉಗುರು ತಾಗಿದರೂ ಉದುರುತ್ತದೆ. ಒಂದು ಕಿಟಕಿಯ ಮೇಲೆ, ನಡುವೆ ಯಾವಾಗಲೋ ಹಾಕಿಸಿದ ಕಾಂಕ್ರೀಟ್ ಲಿಂಟಲ್ ಇದೆ. ಅದರ ಅಡಿಯಲ್ಲಿ ಉದ್ದಕ್ಕೂ ಬಿರುಕು, ತುಕ್ಕಿನ ಬಣ್ಣ.

ಒಬ್ಬ ಗುತ್ತಿಗೆದಾರರು ಬಂದು ನೋಡಿ, ಎಲ್ಲ ಕೆತ್ತಿ ವಾಟರ್‌ಪ್ರೂಫ್ ಕೆಮಿಕಲ್ ಹಾಕಿ ಮತ್ತೆ ಸಿಮೆಂಟ್, ಮೇಲೆ ಮೂರಡಿ ಟೈಲ್ಸ್ ಎಂದರು. ಇನ್ನೊಬ್ಬರು ಕೆಡವಿ ಆರ್‌ಸಿಸಿ ಕಟ್ಟಿ ಎನ್ನುತ್ತಾರೆ. ಅಪ್ಪನಿಗೆ ಕೆಡವುವುದು ಇಷ್ಟ ಇಲ್ಲ, ನನಗೂ ಇಲ್ಲ. ಮನೆ ಉಳಿಯುತ್ತದಾ? ಎಲ್ಲಿಂದ ಶುರು ಮಾಡಬೇಕು?

ಅಂಕೋಲಾ_ಗೌಂಡಿ

ತಮ್ಮಾ, ಕೆಡವುವ ಮಾತು ಸದ್ಯಕ್ಕೆ ಬೇಡ. ಕೆಮಿಕಲ್ ಮಾತೂ ಬೇಡ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕು. ನೀರಿನ ದಾರಿ ಗೊತ್ತಾಗದೆ ಗೋಡೆಗೆ ಏನು ಬಳಿದರೂ ಅದು ಮುಂದಿನ ಆಷಾಢದ ತನಕ.

ನಮ್ಮ ಕಡೆ ಗೋಡೆಗೆ ನೀರು ನಾಲ್ಕು ದಾರಿಯಿಂದ ಬರುತ್ತದೆ. ಮಾಡಿನಿಂದ, ಅಂದರೆ ಒಡೆದ ಹಂಚು, ಗೋಡೆಯ ತಲೆಯ ಮೇಲೆ ಬೀಳುವ ಸೋರಿಕೆ. ಬದಿಯಿಂದ ಎರಚಲು, ಪಶ್ಚಿಮದ ಗೋಡೆಗೆ ಇದೇ ದೊಡ್ಡ ಶತ್ರು. ಕೆಳಗಿನಿಂದ, ನೆಲದ ಶೀತ ಏರುವುದು. ಮತ್ತೆ ಬಚ್ಚಲು, ಪೈಪ್, ಟ್ಯಾಂಕ್. ನೀನು ಹೇಳಿದ್ದು ನೋಡಿದರೆ ಪಡಸಾಲೆಯದು ಕೆಳಗಿನಿಂದ, ಪಶ್ಚಿಮದ್ದು ಎರಚಲು. ಎರಡಕ್ಕೂ ಔಷಧಿ ಬೇರೆ ಬೇರೆ.

ಒಂದು ಸುಲಭದ ಪರೀಕ್ಷೆ ಮಾಡು. ಒದ್ದೆ ಇರುವ ಕಡೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸು. ಒಂದೆರಡು ದಿನ ಬಿಟ್ಟು ನೋಡು. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನದು. ಮುಂದೆ, ಕೋಣೆಯ ಕಡೆ ಹನಿ ಇದ್ದರೆ ಅದು ಗಾಳಿಯ ತೇವ, ಕಿಟಕಿ ತೆಗೆದರೆ ಅರ್ಧ ಕಡಿಮೆ ಆಗುತ್ತದೆ.

ಇನ್ನೊಂದು, ಹೊರಗೆ ಹೋಗಿ ಅಂಗಳ ಎಷ್ಟು ಎತ್ತರ ಇದೆ, ಒಳಗಿನ ನೆಲ ಎಷ್ಟು ಎತ್ತರ ಇದೆ ನೋಡಿ ಹೇಳು. ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.

ಕಾರವಾರ_ಸಿವಿಲ್

ಮೇಲಿನವರು ಹೇಳಿದ್ದು ಸರಿ. ಯಾಕೆ ಹೀಗಾಯಿತು ಎನ್ನುವುದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಿದ್ದರೆ ಗುತ್ತಿಗೆದಾರರ ಜೊತೆ ಮಾತಾಡಲು ಧೈರ್ಯ ಬರುತ್ತದೆ.

ಚಿರೆಕಲ್ಲು ಕಬ್ಬಿಣದ ಅಂಶ ಇರುವ ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಆದರೆ ಒಳಗೆಲ್ಲ ತೂತು. ಕೆಲವು ಕಲ್ಲಿನ ತೂತುಗಳಲ್ಲಿ ಶೇಡಿ ಮಣ್ಣು ತುಂಬಿರುತ್ತದೆ, ಸದಾ ಒದ್ದೆ ಇದ್ದರೆ ಆ ಮಣ್ಣು ತೊಳೆದು ಹೋಗಿ ಕಲ್ಲು ಟೊಳ್ಳಾಗುತ್ತದೆ. ಈ ಕಲ್ಲಿಗೆ ಭಾರತೀಯ ಮಾನಕವೇ ಇದೆ, ಐಎಸ್ 3620. ಅದರ ಪ್ರಕಾರ ಒಳ್ಳೇ ಕಲ್ಲು ಕೂಡ ತನ್ನ ತೂಕದ ಶೇ. 12ರವರೆಗೆ ನೀರು ಕುಡಿಯಬಹುದು. ಅಂದರೆ ಒಣಗಿದಾಗ 20 ಕಿಲೋ ತೂಗುವ ಒಂದು ಕಲ್ಲು ಎರಡು ಲೀಟರ್‌ಗಿಂತ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆ ನೀರು ಕುಡಿಯದಂತೆ ಪೂರ್ತಿ ತಡೆಯಲು ಆಗುವುದಿಲ್ಲ. ಕುಡಿದ ನೀರು ಅಕ್ಟೋಬರ್ ಬಿಸಿಲಿಗೆ ಆರಿ ಹೊರಗೆ ಹೋಗುವ ಹಾಗಿರಬೇಕು, ಅಷ್ಟೆ.

ಸುಣ್ಣದ ಗಾರೆ ಅದನ್ನು ಬಿಡುತ್ತದೆ. ಗಟ್ಟಿ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್ ತರದ ಪೇಂಟ್, ಎರಡೂ ಸೇರಿ ಬಾಗಿಲು ಹಾಕಿಬಿಡುತ್ತವೆ. ಸಿಮೆಂಟಿನಲ್ಲಿ ಕೂದಲೆಳೆ ಬಿರುಕು ಬಂದೇ ಬರುತ್ತದೆ. ನೀರು ಅಲ್ಲಿಂದ ಒಳಗೆ ಬರುತ್ತದೆ, ಹೊರಗೆ ಹೋಗಲು ಜಾಗ ಸಿಗುವುದಿಲ್ಲ. ನೀರಿನ ಜೊತೆ ಉಪ್ಪೂ ಬರುತ್ತದೆ: ಸಮುದ್ರದ ಗಾಳಿಯದು, ನೆಲದ್ದು, ಸರಿಯಾಗಿ ತೊಳೆಯದ ಅಳಿವೆ ಮರಳಿನದು. ನೀರು ಆರುವ ಜಾಗದಲ್ಲಿ ಉಪ್ಪು ಹರಳು ಕಟ್ಟುತ್ತದೆ. ಆ ಹರಳು ಬೆಳೆಯುತ್ತಾ ಪ್ಲಾಸ್ಟರನ್ನು ಹೊರಗೆ ತಳ್ಳುತ್ತದೆ, ಜೊತೆಗೆ ಕಲ್ಲಿನ ಮುಖವನ್ನೂ ಪುಡಿ ಮಾಡುತ್ತದೆ. ನಿಮ್ಮ ಬಿಳಿ ಪುಡಿ ಇದೇ.

ಅದಕ್ಕೇ ಮತ್ತೆ ಸಿಮೆಂಟ್, ಮೇಲೆ ಟೈಲ್ಸ್ ಎಂದರೆ ಒದ್ದೆ ಮೂರಡಿಯಿಂದ ಐದಡಿಗೆ ಏರುತ್ತದೆ. ಟೈಲ್ಸ್ ಹಿಂದೆ ಕಾಣುವುದಿಲ್ಲ ಎಂಬುದು ಬಿಟ್ಟರೆ ಏನೂ ಲಾಭ ಇಲ್ಲ.

ಹೊಸಮನೆ_ಹೊನ್ನಾವರ

ಎಲ್ಲರೂ ಸುಣ್ಣ ಸುಣ್ಣ ಎನ್ನುತ್ತೀರಿ, ಸುಣ್ಣದ ಕೆಲಸ ಬರುವ ಜನ ಎಲ್ಲಿದ್ದಾರೆ ಮಾರಾಯ್ರೆ? ನಮ್ಮ ಮನೆಗೂ ಚಿರೆಕಲ್ಲೇ. ಸಿಮೆಂಟ್ ಪ್ಲಾಸ್ಟರ್, ವಾಟರ್‌ಪ್ರೂಫ್ ಲಿಕ್ವಿಡ್, ಮೇಲೆ ಹೊರಗಿನ ಪೇಂಟ್. ಏನೂ ತೊಂದರೆ ಇಲ್ಲ. ಹಳೇದು ಎಂದ ಕೂಡಲೇ ಎಲ್ಲವೂ ಒಳ್ಳೆಯದು ಅಂತ ಅಲ್ಲ. ಇಲ್ಲೇ ಹತ್ತಿರದ ಹಳೇ ಚಿರೆಕಲ್ಲಿನ ಮಿರ್ಜಾನ್ ಕೋಟೆ ತೋರಿಸಿ ಉಪದೇಶ ಮಾಡುವವರನ್ನು ನೋಡಿ ಸಾಕಾಗಿದೆ.

ಅಂಕೋಲಾ_ಗೌಂಡಿ

ಕೋಟೆಯ ಮಾತು ನಾನೂ ಎತ್ತುವುದಿಲ್ಲ. ಅಷ್ಟು ದಪ್ಪದ ಗೋಡೆ ಯಾರಿಗೂ ಕಟ್ಟಲು ಆಗುವುದಿಲ್ಲ, ಮತ್ತೆ ಅಲ್ಲಿ ಯಾರೂ ರಾತ್ರಿ ಮಲಗುವುದಿಲ್ಲ, ಮಳೆಗಾಲದಲ್ಲಿ ಪಾಚಿ ಬಂದರೆ ಫೋಟೋ ತೆಗೆಯುತ್ತಾರೆ.

ನಿಮ್ಮ ಮನೆ ಹೊಸದು. ಪಾಯದ ಮೇಲೆ ಕಾಂಕ್ರೀಟ್ ಬೆಲ್ಟ್ ಇರುತ್ತದೆ, ಅದು ಕೆಳಗಿನ ಶೀತ ಬಹಳ ಮಟ್ಟಿಗೆ ತಡೆಯುತ್ತದೆ. ಸಂದಿಗೂ ಸಿಮೆಂಟೇ. ಇವರದ್ದು ಮಣ್ಣಿನ ಸಂದಿ ಇರುವ ಹಳೇ ಗೋಡೆ, ಬೆಲ್ಟ್ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ನಿಮಗೆ ಒಪ್ಪಿದ್ದು ಅವರಿಗೆ ಒಗ್ಗದೆ ಇರಬಹುದು.

ಕಡಲಮನೆ_ಕುಮಟಾ

ಎಲ್ಲರಿಗೂ ಥ್ಯಾಂಕ್ಸ್. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದೆ. ಪಡಸಾಲೆಯಲ್ಲಿ ಹಾಳೆಯ ಹಿಂದೆಯೇ ಹನಿ, ಧಾರಾಳ. ಮಾಡು ಹತ್ತಿಸಿ ನೋಡಿದೆವು, ಮೂಲೆಯಲ್ಲಿ ಕೆಲವು ಹಂಚು ಒಡೆದಿದೆ, ಆದರೆ ಒದ್ದೆ ಇರುವ ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಂಗಳದ ವಿಷಯ ಕೇಳಿದ್ದು ಒಳ್ಳೆಯದಾಯಿತು. ನಮ್ಮ ಮುಂದಿನ ರಸ್ತೆ ಪ್ರತಿ ಸಲ ಡಾಂಬರು ಹಾಕುವಾಗ ಎತ್ತರ ಆಗುತ್ತಾ ಬಂದಿದೆ, ಹಳೇದನ್ನು ಕೆತ್ತದೆ ಅದರ ಮೇಲೇ ಹಾಕುತ್ತಾರೆ. ನೀರು ಅಂಗಳಕ್ಕೆ ನುಗ್ಗುತ್ತದೆ ಎಂದು ನಾವೂ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿಸಿದ್ದೆವು. ಈಗ ಅಳೆದರೆ ಅಂಗಳ ಒಳಗಿನ ನೆಲಕ್ಕಿಂತ ಬರೀ ಎರಡು ಇಂಚು ಕೆಳಗೆ. ಹಳೇ ಫೋಟೋದಲ್ಲಿ ಜಗುಲಿಗೆ ಮೂರು ಮೆಟ್ಟಿಲು ಕಾಣುತ್ತದೆ, ಈಗ ಒಂದೇ. ಶಿಲೆಕಲ್ಲಿನ ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಪಾಯದ ಕಟ್ಟು, ಪೂರ್ತಿ ಮಣ್ಣಿನೊಳಗೆ. ಪಡಸಾಲೆಯ ನೆಲಕ್ಕೂ ಅದೇ ಹೊತ್ತಿನಲ್ಲಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದು.

ಕಾರವಾರ_ಸಿವಿಲ್

ಸಿಕ್ಕಿತು ನೋಡಿ. ಅಜ್ಜ ಪಾಯಕ್ಕೆ ಶಿಲೆಕಲ್ಲು ಹಾಕಿಸಿದ್ದೇ ಅದು ನೀರು ಕುಡಿಯುವುದಿಲ್ಲ ಎಂದು. ಅದರ ಮೇಲೆ ಚಿರೆಕಲ್ಲು ಒಣಗಿ ಕೂತಿತ್ತು. ಈಗ ಒದ್ದೆ ಮಣ್ಣು ಸೀದಾ ಚಿರೆಕಲ್ಲಿಗೇ ತಾಗಿದೆ. ಮೊದಲು ನೆಲದ ತೇವ ಒಳಗೆ ಗಾರೆ ನೆಲದಿಂದ, ಹೊರಗೆ ಅಂಗಳದಿಂದ ಆರಿ ಹೋಗುತ್ತಿತ್ತು. ಎರಡೂ ಕಡೆ ಮುಚ್ಚಿದ ಮೇಲೆ ಅದಕ್ಕೆ ಉಳಿದದ್ದು ಗೋಡೆಯ ದಾರಿ ಒಂದೇ.

ಆದ್ದರಿಂದ ಮೊದಲ ಖರ್ಚು ಗೋಡೆಗೆ ಬೇಡ, ಅಂಗಳಕ್ಕೆ ಮಾಡಿ. ಗೋಡೆಯ ಬುಡದಿಂದ ಎರಡಡಿ ಅಗಲ ಇಂಟರ್‌ಲಾಕ್ ಕಿತ್ತು, ಶಿಲೆಕಲ್ಲಿನ ತಲೆ ಕಾಣುವ ತನಕ ಮಣ್ಣು ತೆಗೆಸಿ. ಪಾಯದ ಅಡಿಗಿಂತ ಕೆಳಗೆ ಮಾತ್ರ ಹೋಗಬೇಡಿ, ಒಂದೇ ಸಲ ಉದ್ದಕ್ಕೂ ಅಗೆಯಬೇಡಿ, ತುಂಡು ತುಂಡಾಗಿ ಮಾಡಿಸಿ. ಆ ಕಾಲುವೆಗೆ ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿ, ಇಳಿಜಾರು ಕೊಟ್ಟು ನೀರನ್ನು ಹಿತ್ತಿಲ ಕಡೆ ಬಿಡಿ. ಹಿತ್ತಿಲು ತಗ್ಗಿನಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ, ಇಲ್ಲದಿದ್ದರೆ ಗುಂಡಿ ತೋಡಿ ಇಂಗಿಸಬೇಕು. ಹಂಚಿನ ಅಂಚಿಗೆ ನೀರು ಹರಿಯುವ ದೋಣಿ ಕಟ್ಟಿದರೆ ಮಾಡಿನ ನೀರೂ ಬುಡಕ್ಕೆ ಬೀಳುವುದಿಲ್ಲ.

ಕೆಲವರು ಗೋಡೆಗೆ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬುವ ವಿಧಾನ ಹೇಳುತ್ತಾರೆ. ಇಟ್ಟಿಗೆ ಗೋಡೆಗೆ ಅದು ಕೆಲಸ ಮಾಡುತ್ತದೆ. ಚಿರೆಕಲ್ಲಿನ ತೂತುಗಳಲ್ಲಿ, ಅದೂ ಮಣ್ಣಿನ ಸಂದಿಯಲ್ಲಿ, ಅದು ಸಮನಾಗಿ ಹರಡುವುದು ಕಷ್ಟ. ದುಡ್ಡು ಉಳಿಸಿ.

ಲಿಂಟಲ್ ವಿಷಯ ಬೇರೆ, ಅದನ್ನು ಮುಂದೂಡಬೇಡಿ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದೆ, ಅದಕ್ಕೇ ಸರಳಿನ ಗುಂಟ ಬಿರುಕು. ಮೇಲೆ ಸಿಮೆಂಟ್ ಮೆತ್ತಿದರೆ ಮತ್ತೆ ಒಡೆಯುತ್ತದೆ. ಮೇಲಿನ ಗೋಡೆಗೆ ಊರೆ ಕೊಟ್ಟು ಬದಲಿಸಿ. ಹೊಸದಕ್ಕೆ ಕಾಂಕ್ರೀಟೇ ಬೇಕೆಂದರೆ, ಕರಾವಳಿಗೆ ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವುದು ಎಂ30 ದರ್ಜೆಯ ಕಾಂಕ್ರೀಟ್, ಸರಳಿನ ಹೊರಗೆ 45 ಮಿಲಿಮೀಟರ್ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಕೆಲಸದವರು ಇಪ್ಪತ್ತು ಸಾಕು ಎನ್ನುತ್ತಾರೆ, ಕೇಳಬೇಡಿ. ಚಿಕ್ಕ ಕಿಟಕಿಯಾದರೆ ಶಿಲೆಕಲ್ಲಿನ ಹಾಸನ್ನೇ ಇಡಬಹುದು, ಅದಕ್ಕೆ ತುಕ್ಕಿನ ಚಿಂತೆಯೇ ಇಲ್ಲ. ಇಡುವ ಮೊದಲು ಒಬ್ಬ ಇಂಜಿನಿಯರ್‌ಗೆ ಸ್ಥಳ ತೋರಿಸಿ.

ತೋಟದಮನೆ_ಶಿರಸಿ

ನಮ್ಮ ಘಟ್ಟದ ಮೇಲೆ ಸಮುದ್ರದ ಉಪ್ಪು ಇಲ್ಲ, ಆದರೆ ಮಳೆಗೆ ಏನೂ ಕಡಿಮೆ ಇಲ್ಲ. ಹಳೇ ಮನೆ ರಿಪೇರಿ ಮಾಡಿಸಿದ ಅನುಭವದಿಂದ ಹೇಳುತ್ತೇನೆ.

ಅಂಗಳ ಸರಿ ಮಾಡಿದ ಮೇಲೆ ಸಿಮೆಂಟ್ ಪ್ಲಾಸ್ಟರ್ ಕೆತ್ತಿಸಿ. ಮಶೀನ್ ಕೊಡಬೇಡಿ, ಕಲ್ಲಿನ ಮುಖವೂ ಎದ್ದು ಬರುತ್ತದೆ. ಚಾಣ, ಸುತ್ತಿಗೆ, ನಿಧಾನ. ಬಿಳಿ ಪುಡಿಯನ್ನು ಒಣ ಬ್ರಶ್‌ನಿಂದ ಗುಡಿಸಿ ಹೊರಗೆ ಚೆಲ್ಲಿ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಗೋಡೆಯನ್ನು ಹಾಗೇ ಬಿಡಿ. ಕಲ್ಲು ಕಾಣುತ್ತದೆ, ನೆಂಟರು ಕೇಳುತ್ತಾರೆ, ಕೇಳಲಿ. ಒಂದು ಬೇಸಿಗೆ ಪೂರ್ತಿ ಆರಬೇಕು.

ಪುಡಿಯಾದ ಕಲ್ಲುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ಠಣ್ ಎಂದರೆ ಬಿಡಿ, ಡಬ್ ಎಂದರೆ ಬದಲಿಸಿ. ಒಂದು ಕಲ್ಲು ತೆಗೆದು ಹೊಸದು ಕೂರಿಸಿ, ಅದು ಹಿಡಿದ ಮೇಲೆ ಪಕ್ಕದ್ದು. ಸಾಲಾಗಿ ತೆಗೆದರೆ ಗೋಡೆ ಕೂರುತ್ತದೆ. ಹೊಸ ಕಲ್ಲು ಕಡಿದು ಮೂರು ತಿಂಗಳಾದರೂ ಗಾಳಿಗೆ ಬಿಟ್ಟದ್ದಾಗಿರಲಿ, ನಿನ್ನೆ ಕಣಿಯಿಂದ ಬಂದದ್ದು ಬೇಡ.

ಸುಣ್ಣದ ಬಗ್ಗೆ: ಹೊನ್ನಾವರದವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಕೆಲಸ ಬರುವವರು ಕಡಿಮೆ. ಆದರೆ ನೀವು ಇರುವುದು ಅಘನಾಶಿನಿ ಪಕ್ಕ, ಚಿಪ್ಪಿನ ಸುಣ್ಣದ ಊರು ಅದು. ಸುಟ್ಟ ಸುಣ್ಣ ತಂದು ನೀರಲ್ಲಿ ಅರಳಿಸಿ ಕೆಲವು ವಾರ ಮುಚ್ಚಿಡಿ, ಅರಳುವಾಗ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಸಿಹಿನೀರಿನ ಮರಳು. ಇಟ್ಟಿಗೆ ಪುಡಿ ಸ್ವಲ್ಪ ಸೇರಿಸಿದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಬೆಲ್ಲ, ಅಳಲೆಕಾಯಿ ಎಲ್ಲ ಹಾಕುವವರಿದ್ದಾರೆ, ಗೊತ್ತಿರುವವರು ಸಿಕ್ಕರೆ ಹಾಕಿಸಿ, ಇಲ್ಲದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತೆಳುವಾಗಿ ಎರಡು ಮೂರು ಪದರ, ಪ್ರತಿ ಪದರಕ್ಕೂ ಒದ್ದೆ ಗೋಣಿ. ದೀಪಾವಳಿ ಕಳೆದು ಶುರು ಮಾಡಿ ಮಾರ್ಚ್ ಒಳಗೆ ಮುಗಿಸಿ, ಮಳೆಗೆ ಮೊದಲು ಸುಣ್ಣ ಗಟ್ಟಿಯಾಗಲು ಸಮಯ ಬೇಕು. ಮೇಲೆ ಸುಣ್ಣವೇ ಹೊಡೆಸಿ, ಪೇಂಟ್ ಬೇಡ.

ಗೌಂಡಿ ಒಪ್ಪಲೇ ಇಲ್ಲವಾದರೆ ನಡುವಿನ ದಾರಿ ಇದೆ: ಒಂದು ಸಿಮೆಂಟ್, ಎರಡು ಸುಣ್ಣ, ಒಂಬತ್ತು ಮರಳು. ಬರೀ ಸುಣ್ಣದಷ್ಟು ಚೆನ್ನಾಗಿ ಆರುವುದಿಲ್ಲ, ಆದರೆ ಸಿಮೆಂಟ್ ಗೌಂಡಿಗಳ ಕೈಗೆ ಹತ್ತುತ್ತದೆ.

ಮತ್ತೆ ಪಶ್ಚಿಮದ ಗೋಡೆಗೆ ಯಾವ ಗಾರೆಯೂ ಎರಚಲನ್ನು ಒಂದೇ ಸಮ ನಾಲ್ಕು ತಿಂಗಳು ತಡೆಯುವುದಿಲ್ಲ. ನಮ್ಮಲ್ಲಿ ಈಗಲೂ ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ, ನಿಮ್ಮಲ್ಲಿ ತೆಂಗಿನ ಮಡಲು ಧಾರಾಳ ಇದೆಯಲ್ಲ. ಚಂದ ಕಾಣುವುದಿಲ್ಲ ಎಂದರೆ ಆ ಕಡೆ ಮಾಡನ್ನು ಎರಡು ಮೂರಡಿ ಹೊರಗೆ ಇಳಿಸಿ.

ಕಡಲಮನೆ_ಕುಮಟಾ

ತುಂಬಾ ಉಪಕಾರ ಆಯಿತು. ಅಂಗಳದ ಕೆಲಸ ಈ ಬೇಸಿಗೆಗೇ ಮಾಡಿಸುತ್ತೇವೆ, ಲಿಂಟಲ್ ಅದಕ್ಕಿಂತ ಮೊದಲು. ಒಂದೇ ಪ್ರಶ್ನೆ ಉಳಿದಿದೆ. ಪಡಸಾಲೆಯ ಟೈಲ್ಸ್ ಕೀಳಬೇಕಾ? ಅಮ್ಮನಿಗೆ ಹೇಳಲು ಹೆದರಿಕೆ.

ಅಂಕೋಲಾ_ಗೌಂಡಿ

ಈಗಲೇ ಬೇಡ. ಅಂಗಳ ಇಳಿಸಿ ಒಂದು ಮಳೆಗಾಲ ನೋಡು. ಪೆನ್ಸಿಲಿನಿಂದ ಒದ್ದೆ ಎಲ್ಲಿಯ ತನಕ ಬರುತ್ತದೆ ಎಂದು ಗೋಡೆ ಮೇಲೆ ಗೆರೆ ಎಳೆದು ತಾರೀಕು ಬರೆದಿಡು. ಗೆರೆ ಕೆಳಗೆ ಇಳಿದರೆ ಟೈಲ್ಸ್ ಇರಲಿ. ಇಳಿಯದಿದ್ದರೆ ಗೋಡೆಯ ಗುಂಟ ಒಂದು ಸಾಲು ಮಾತ್ರ ಕಿತ್ತು ಅಲ್ಲಿ ಗಾರೆ ಪಟ್ಟಿ ಹಾಕೋಣ, ನೆಲದ ತೇವ ಅಲ್ಲಿಂದ ಆರುತ್ತದೆ. ಅಮ್ಮನಿಗೆ ಬಾರ್ಡರ್ ಡಿಸೈನ್ ಎಂದು ಹೇಳು.