ಬ್ರೇಕ್ ‘ಹಿಡಿಯುವುದು’, ‘ಹಿಡಿದುಕೊಳ್ಳುವುದು’, ‘ಕಚ್ಚಿಕೊಳ್ಳುವುದು’: ಯಾವುದು ಯಾವುದಕ್ಕೆ?

ಗೆಳೆಯರೇ, ಒಂದು ಪದದ ಗೊಂದಲ. ದೂರದ ಪ್ರಯಾಣಕ್ಕೆ ಬಳಸುವ ಬೈಕುಗಳ ಬಗ್ಗೆ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ಹಿಂದಿನ ಬ್ರೇಕ್ ವಿಪರೀತ ಕಾಯುವ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಕಾರಣ ‘ಹಿಡಿ’ ಅನ್ನುವ ಒಂದೇ ಕ್ರಿಯಾಪದ.

ಹಿಂದೊಮ್ಮೆ ಗೆಳೆಯನೊಬ್ಬ ಪ್ರಯಾಣದ ನಡುವೆ ಫೋನ್ ಮಾಡಿದ್ದ. “ಹಿಂದಿನ ಬ್ರೇಕ್ ಹಿಡೀತಾ ಇದೆ ಕಣೋ” ಅಂದ. “ಹಿಡಿದರೆ ಒಳ್ಳೇದೇ ಅಲ್ವಾ?” ಅಂದೆ. ಆಮೇಲೆ ಅವನು ಬೈದದ್ದನ್ನು ಇಲ್ಲಿ ಬರೆಯುವುದು ಬೇಡ. ಪೆಡಲಿನಿಂದ ಕಾಲು ತೆಗೆದರೂ ಪ್ಯಾಡುಗಳು ಡಿಸ್ಕನ್ನು ಬಿಡುತ್ತಿರಲಿಲ್ಲವಂತೆ. ಡಿಸ್ಕ್ ನೀಲಿಯಾಗಿತ್ತು. ಉಕ್ಕಿಗೆ ಆ ಬಣ್ಣ ಬರಬೇಕಾದರೆ ಕಡಿಮೆಯೆಂದರೂ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರಬೇಕು.

ಅವನು ‘ಹಿಡಿದುಕೊಂಡಿದೆ’ ಅಂದಿದ್ದರೆ ನನಗೆ ತಕ್ಷಣ ಗೊತ್ತಾಗುತ್ತಿತ್ತು. ಬ್ರೇಕ್ ಹಿಡಿಯುವುದು ನಾವು ತುಳಿದಾಗ. ಹಿಡಿದುಕೊಳ್ಳುವುದು ತನ್ನಷ್ಟಕ್ಕೆ ತಾನೇ. ‘ಸೊಂಟ ಹಿಡಿದುಕೊಂಡಿದೆ’ ಅನ್ನುವಾಗಲೂ ಇದೇ ಅರ್ಥ. ‘ಬಾಗಿಲು ಹಾಕಿಕೊಂಡಿತು’ ಅಂದರೆ ಯಾರೂ ಹಾಕಲಿಲ್ಲ ಅಂತಲೇ ಲೆಕ್ಕ. ವ್ಯಾಕರಣದಲ್ಲಿ ‘ಕೊಳ್ಳು’ ಸೇರಿದರೆ ಆತ್ಮಾರ್ಥಕ ಅಂತ ಓದಿದ್ದೇವೆ. ಆದರೆ ಈ ‘ಬೇಡದಿದ್ದರೂ ತಾನಾಗಿ ಆದದ್ದು’ ಅನ್ನುವ ಛಾಯೆಗೆ ಬೇರೆ ಹೆಸರಿದೆಯೇ? ಇದು ನನ್ನ ಮೊದಲ ಪ್ರಶ್ನೆ.

ಕೆಲವರು ಇದಕ್ಕೆ ‘ಬ್ರೇಕ್ ಎಳೆತ’ ಅಂತ ಬರೆಯುತ್ತಾರೆ. ನನಗಂತೂ ಒಪ್ಪಿಗೆಯಿಲ್ಲ. ಬ್ರೇಕ್ ಹಿಡಿದುಕೊಂಡಾಗ ‘ಗಾಡಿ ಎಳೀತಿಲ್ಲ’ ಅನ್ನುತ್ತೇವೆ, ಅಂದರೆ ಪೂರ್ತಿ ಉಲ್ಟಾ! ‘ಜಾಮ್’ ಕೂಡ ಸರಿಹೋಗದು. ಅದು ಚಕ್ರ ತಿರುಗದೇ ನಿಂತಾಗ ಹೇಳುವ ಮಾತು. ಇನ್ನು ‘ಉಜ್ಜುವುದು’ ದೋಷವೇ ಅಲ್ಲ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ. ಸುತ್ತಲಿನ ರಬ್ಬರ್ ಸೀಲು ತುಳಿದಾಗ ಸ್ವಲ್ಪ ತಿರುಚಿಕೊಂಡು, ಬಿಟ್ಟಾಗ ಮೊದಲಿನಂತಾಗುತ್ತದೆ. ಅಷ್ಟರಲ್ಲೇ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಹಾಗಾಗಿ ಪ್ಯಾಡ್ ಸುಮ್ನೆ ಸವರಿದಂತೆ ಸದ್ದು ಮಾಡುವುದು ಸಹಜ.

ನಿಜವಾದ ತಲೆನೋವು ಮುಂದಿದೆ. ‘ಹಿಡಿದುಕೊಂಡಿದೆ’ ಅಂದರೂ ಅದರೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದರಲ್ಲಿ ಪಿಸ್ಟನ್ ಮೇಲೆ ಕೊಳೆ, ತುಕ್ಕು ಕೂತಿರುತ್ತದೆ, ಇಲ್ಲವೇ ಕ್ಯಾಲಿಪರ್ (ಪಿಸ್ಟನ್, ಪ್ಯಾಡುಗಳು ಕೂತಿರುವ ಭಾಗ) ಜಾರುವ ಪಿನ್ನುಗಳ ಗ್ರೀಸ್ ಒಣಗಿರುತ್ತದೆ. ಇನ್ನೊಂದರಲ್ಲಿ ಕ್ಯಾಲಿಪರ್ ಚೆನ್ನಾಗಿಯೇ ಇದೆ, ಪಿಸ್ಟನ್ನನ್ನು ತಳ್ಳುವ ಬ್ರೇಕ್ ಎಣ್ಣೆಯ ಒತ್ತಡ ಒಳಗೇ ಉಳಿದಿದೆ. ಪೆಡಲ್ ತುಳಿದಾಗ ಎಣ್ಣೆಯನ್ನು ಒತ್ತುವುದು ಮಾಸ್ಟರ್ ಸಿಲಿಂಡರ್. ಕಾಲು ತೆಗೆದಾಗ ಅದರ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು, ಎಣ್ಣೆ ಡಬ್ಬಿಗೆ ಹೋಗುವ ಸಣ್ಣ ತೂತು ತೆರೆಯಬೇಕು. ಪೆಡಲಿಗೆ ಒಂದಿಷ್ಟು ಪ್ಲೇ, ಅಂದರೆ ಸಡಿಲ, ಇಲ್ಲದಿದ್ದರೆ ತೂತು ಮುಚ್ಚಿಯೇ ಇರುತ್ತದೆ. ಎಣ್ಣೆ ಕಾದು ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಪ್ಯಾಡನ್ನು ಇನ್ನಷ್ಟು ಒತ್ತುತ್ತದೆ, ಬಿಸಿ ಇನ್ನೂ ಜಾಸ್ತಿಯಾಗುತ್ತದೆ. ನನ್ನ ಗೆಳೆಯನದ್ದು ಇದೇ ಕತೆ. ಹೊಸ ಬೂಟಿಗೆ ಅಂತ ಪೆಡಲಿನ ಎತ್ತರ ಬದಲಿಸಿ, ಮಾಸ್ಟರ್ ಸಿಲಿಂಡರನ್ನು ಒತ್ತುವ ರಾಡನ್ನು ಪ್ಲೇ ಉಳಿಯದಷ್ಟು ಬಿಗಿ ಮಾಡಿದ್ದ.

ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭ. ಬ್ರೇಕ್ ಹಿಡಿದುಕೊಂಡಿರುವಾಗಲೇ ಹಿಂದಿನ ಚಕ್ರ ಎತ್ತಿ, ಕ್ಯಾಲಿಪರಿನ ಬ್ಲೀಡ್ ನಿಪ್ಪಲನ್ನು (ಎಣ್ಣೆ ಹೊರಬಿಡುವ ತಿರುಪನ್ನು) ಒಂದಿಷ್ಟೇ ಸಡಿಲಿಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ನಿಪ್ಪಲಿಗೆ ಪೈಪು ಬೇಕೇ ಬೇಕು. ಎಣ್ಣೆ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಉಳಿದಿತ್ತು ಅಂತ. ಆಗ ಮಾಸ್ಟರ್ ಸಿಲಿಂಡರನ್ನೋ, ಒಳಗೆ ಊದಿಕೊಂಡ ಹೋಸನ್ನೋ ನೋಡಬೇಕು. ಆಮೇಲೂ ಚಕ್ರ ಬಿಗಿಯಾಗಿದ್ದರೆ ತಪ್ಪು ಕ್ಯಾಲಿಪರಿನದ್ದೇ. ಎಲ್ಲ ಆರಿದ ಮೇಲೆ ನೋಡಿದರೆ ಮಾತ್ರ ಏನೂ ಸಿಗದಿರಬಹುದು. ಹಿಗ್ಗಿದ ಎಣ್ಣೆ ಕುಗ್ಗಿ, ಚಕ್ರ ಏನೂ ಆಗದವರಂತೆ ತಿರುಗುತ್ತದೆ.

ಹಾಗಾಗಿ ಎರಡು ಕಾಯಿಲೆಗೆ ಎರಡು ಮಾತು ಬೇಕು. ಮೊದಲನೆಯದಕ್ಕೆ ‘ಕಚ್ಚಿಕೊಂಡಿದೆ’ ಅಂತ ಬರೆದುಕೊಂಡಿದ್ದೇನೆ. ತುಕ್ಕು ಹಿಡಿದ ನಟ್ಟಿಗೂ ಇದನ್ನೇ ಹೇಳುತ್ತೇವಲ್ಲ. ಒತ್ತಡ ಉಳಿದದ್ದಕ್ಕೆ ‘ಬಿಡುತ್ತಿಲ್ಲ’ ಅನ್ನಬಹುದೇ? ‘ಬ್ರೇಕ್ ಬಿಡುತ್ತಿಲ್ಲ’ ಅಂದರೆ ಕೇಳುವವರಿಗೆ ಅರ್ಥವಾದೀತು. ಆದರೆ ‘ಬಿಡದಿರುವಿಕೆ’ ಅಂತ ನಾಮಪದ ಮಾಡಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ಮೇಲೆಲ್ಲ ‘ಕಾದಿದೆ’ ಅಂತ ಬರೆದದ್ದು ಬೇಕಂತಲೇ. ಬ್ರೇಕ್ ಹಾಕಿದರೆ ಡಿಸ್ಕ್ ಬಿಸಿಯಾಗುವುದು ಅದರ ಕೆಲಸ, ದೂರಲ್ಲ. ಕಾದ ಕಬ್ಬಿಣ, ಕಾವಲಿ ಅನ್ನುವಲ್ಲಿರುವ ‘ಕಾಯು’ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದ್ದು ಅಂತ ನನ್ನ ಕಿವಿಗೆ ಕೇಳಿಸುತ್ತದೆ. ‘ಅತಿಬಿಸಿ’ಗಿಂತ ಇದೇ ವಾಸಿ. ಆದರೆ ‘ಬ್ರೇಕ್ ಕಾಯುತ್ತಿದೆ’ ಅಂದರೆ ಯಾರಿಗಾಗಿ ಅಂತ ಕೇಳುವವರೂ ಇರುತ್ತಾರೆ!

ಕೊನೆಗೆ ಇದರ ತಮಾಷೆ ನೋಡಿ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ಅದೇ ಎಣ್ಣೆ ಶೇಕಡಾ 3.7ರಷ್ಟು ನೀರು ಹೀರಿಕೊಂಡಿದ್ದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ. ಅಂದರೆ ಹಿಡಿದುಕೊಂಡಿದ್ದ ಬ್ರೇಕೇ ಆಮೇಲೆ ಹಿಡಿಯದೆ ಹೋಗುತ್ತದೆ. ಈ ವಾಕ್ಯವನ್ನು ಕೈಪಿಡಿಯಲ್ಲಿ ಹೀಗೇ ಬಿಟ್ಟರೆ ಓದುವವರು ತಬ್ಬಿಬ್ಬಾಗುತ್ತಾರೆಯೇ? ನಿಮ್ಮ ಕಡೆ ಮೆಕ್ಯಾನಿಕ್‌ಗಳು ಈ ಎರಡು ಬಗೆಗೆ ಬೇರೆ ಮಾತು ಬಳಸುವುದನ್ನು ಕೇಳಿದ್ದರೆ ದಯವಿಟ್ಟು ತಿಳಿಸಿ. ಆಡುಮಾತಾದರೆ ಇನ್ನೂ ಒಳ್ಳೆಯದು.